ಮೂಳೆ ಕೂಡಿದರೆ ಸಾಲದು

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ಕುಡತಿನಿಯ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಒಟ್ಟು 1700 ಮೆಗಾವಾಟ್ ಸಾಮರ್ಥ್ಯದ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇರುವ ಊರಿದು. ಈ ಸೀಮೆಯಲ್ಲಿ ಸೊಂಟಕ್ಕೆ ಬಿಡುವೆಂಬುದಿಲ್ಲ. ಅದಿರು, ಕಲ್ಲಿದ್ದಲು, ಹಾರುಬೂದಿ ಹೇರಿದ ಲಾರಿಗಳ ಚಾಲಕರು ದಿನವಿಡೀ ಕುಲುಕಾಟದಲ್ಲೇ ಕೂತಿರುತ್ತಾರೆ. ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸುವ, ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಂಗಸರು ಬಗ್ಗಿದ ಬೆನ್ನು ಎತ್ತುವುದು ಬುತ್ತಿ ಬಿಚ್ಚುವ ಹೊತ್ತಿಗೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಮೆಷಿನ್ನಿನ ಮುಂದೆ ಬಾಗಿ ಕೂತರೆ ಏಳುವುದು ಕತ್ತಲಾದ ಮೇಲೆ. ಸೊಂಟನೋವು ಬಂದವರಲ್ಲಿ ಬಹುಪಾಲು ಜನಕ್ಕೆ ಆಪರೇಷನ್ ಬೇಕಾಗುವುದಿಲ್ಲ. ಮಾತ್ರೆ, ವ್ಯಾಯಾಮ, ಒಂದಷ್ಟು ವಾರಗಳ ತಾಳ್ಮೆಯಲ್ಲೇ ನೋವು ಇಳಿಯುತ್ತದೆ. ಉಳಿದ ಕೆಲವರಿಗೆ ಮಾತ್ರ ‘ಮಣಿ ಸರಿದಿದೆ, ಸ್ಕ್ರೂ ರಾಡ್ ಹಾಕಿ ಕೂಡಿಸಬೇಕು’ ಎಂಬ ಮಾತು ಬರುತ್ತದೆ. ಅದರ ಬೆನ್ನಿಗೇ ಈಚಿನ ವರ್ಷಗಳಲ್ಲಿ ಇನ್ನೊಂದು ಮಾತು ಸೇರಿಕೊಂಡಿದೆ: ‘ಹೊಸ ಮಾಡೆಲ್ ಬಂದಿದೆ, ಸ್ವಲ್ಪ ದುಬಾರಿ, ಆದರೆ ಒಳ್ಳೆಯದು.’ ಈ ‘ಒಳ್ಳೆಯದು’ ಎಂಬುದನ್ನು ಯಾರು, ಹೇಗೆ, ಯಾರ ಬೆನ್ನಿನ ಮೇಲೆ ಪರೀಕ್ಷಿಸಿ ಹೇಳಿದರು? ನನ್ನ ವಾದ ಇಷ್ಟೇ: ಸೊಂಟದ ಮಣಿಗಳನ್ನು ಕೂಡಿಸುವ ಹೊಸ ಸಾಧನವೊಂದು ಮುರಿಯದೆ ಉಳಿದರೆ ಸಾಲದು, ಮೂಳೆಯನ್ನು ಕೂಡಿಸಿದರೂ ಸಾಲದು, ಅದನ್ನು ಹೊತ್ತ ಮನುಷ್ಯ ತನ್ನ ಬದುಕಿಗೆ, ತನ್ನ ಕೆಲಸಕ್ಕೆ ಮರಳಿದನೇ ಎಂಬುದೇ ಕೊನೆಯ ಪರೀಕ್ಷೆಯಾಗಬೇಕು. ಆ ಪರೀಕ್ಷೆ ಇಂಥ ಊರುಗಳ ಜನರನ್ನು ಬಿಟ್ಟು ನಡೆಯಬಾರದು.

ಮೊದಲು ಆಪರೇಷನ್ ಎಂದರೇನು ನೋಡೋಣ. ನಮ್ಮ ಸೊಂಟದಲ್ಲಿ ಐದು ಮಣಿಗಳಿವೆ. ಒಂದೊಂದರ ನಡುವೆ ಮೆತ್ತನೆಯ ಡಿಸ್ಕ್. ಕೆಳಗಿನ ಎರಡು ಡಿಸ್ಕ್‌ಗಳ ಮೇಲೆ ಭಾರ ಹೆಚ್ಚು, ಸವೆತವೂ ಅಲ್ಲೇ ಹೆಚ್ಚು. ಒಂದು ಮಣಿ ಇನ್ನೊಂದರ ಮೇಲೆ ಜಾರಿ ನರವನ್ನು ಒತ್ತತೊಡಗಿದರೆ ನೋವು ಸೊಂಟದಿಂದ ಪಿರ್ರೆಗಿಳಿದು ಕಾಲಿನ ಹಿಂಬದಿಗುಂಟ ಸೆಳೆಯುತ್ತದೆ. ಸರ್ಜನ್ ಬೆನ್ನಿನ ಸ್ನಾಯುಗಳನ್ನು ಸರಿಸಿ, ನರದ ಮೇಲಿನ ಒತ್ತಡ ತೆಗೆದು, ಮಣಿಯ ಎರಡೂ ಬದಿಯ ಕಿರಿದಾದ ಮೂಳೆಯ ಕೊಳವೆಯೊಳಗೆ ಟೈಟಾನಿಯಂ ಸ್ಕ್ರೂ ಇಳಿಸುತ್ತಾರೆ. ಕೊಳವೆಯ ಒಂದು ಮಗ್ಗುಲಿಗೇ ನರ ಇರುತ್ತದೆ, ಹಾಗಾಗಿ ಸ್ಕ್ರೂ ಒಂದೆರಡು ಮಿಲಿಮೀಟರ್ ಅತ್ತಿತ್ತ ಹೋದರೂ ಕಷ್ಟ. ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ ರಾಡ್ ಕಟ್ಟಿ ಬಿಗಿಯುತ್ತಾರೆ. ಹಾಳಾದ ಡಿಸ್ಕ್ ತೆಗೆದ ಜಾಗದಲ್ಲಿ ಕೇಜ್ ಎಂಬ ಪುಟ್ಟ ಟೊಳ್ಳು ಪೆಟ್ಟಿಗೆ ಕೂರಿಸಿ, ಅದರೊಳಗೆ ರೋಗಿಯದೇ ಮೂಳೆಯ ಚೂರುಗಳನ್ನು ತುಂಬುತ್ತಾರೆ. ಇಷ್ಟಾದ ಮೇಲೆ ಎರಡು ಮಣಿಗಳನ್ನು ಕೂಡಿಸುವ ಕೆಲಸ ಲೋಹದ್ದಲ್ಲ, ಜೀವಂತ ಮೂಳೆಯದು. ಸ್ಲ್ಯಾಬ್ ಹಾಕುವಾಗ ಕೊಡುವ ಸೆಂಟ್ರಿಂಗ್‌ನಂತೆ ಸ್ಕ್ರೂ, ರಾಡ್, ಕೇಜ್ ಎಲ್ಲ ತಾತ್ಕಾಲಿಕ ಆಸರೆ. ಕಾಂಕ್ರೀಟ್ ಗಟ್ಟಿಯಾಗಲು ವಾರಗಳು ಸಾಕು, ಇಲ್ಲಿ ಮೂಳೆ ಬೆಳೆದು ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಮೂಳೆ ಕೂಡದಿದ್ದರೆ ಎಂಥ ಲೋಹವೂ ಒಂದು ದಿನ ಸಡಿಲವಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಹೀಗಾಗಿ ಮೊದಲ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ಯಂತ್ರದಲ್ಲಿ. ಎರಡು ಪ್ಲಾಸ್ಟಿಕ್ ದಿಮ್ಮಿಗಳನ್ನು ಎರಡು ಮಣಿಗಳೆಂದು ಇಟ್ಟು, ನಡುವೆ ಏನೂ ಇಲ್ಲದೆ ಖಾಲಿ ಬಿಟ್ಟು, ಸ್ಕ್ರೂ ಮತ್ತು ರಾಡ್‌ಗಳಿಂದ ಮಾತ್ರ ಜೋಡಿಸುತ್ತಾರೆ. ಮೂಳೆಯ ನೆರವು ಒಂದಿಷ್ಟೂ ಸಿಗದ, ಅತ್ಯಂತ ಕೆಟ್ಟ ಸ್ಥಿತಿ ಅದು. ಆಮೇಲೆ ಯಂತ್ರ ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಎಫ್1717 ಎಂಬ ಮಾನದಂಡದಂತೆ 50 ಲಕ್ಷ ಸಲ ಒತ್ತಿದರೂ ಮುರಿಯದ ಭಾರ ಎಷ್ಟು ಎಂದು ನೋಡುತ್ತಾರೆ. ಸೆಕೆಂಡಿಗೆ ಐದು ಸಲದಂತೆ ಹಗಲೂ ರಾತ್ರಿ ಒತ್ತಿದರೂ ಅದು ಮುಗಿಯಲು ಹನ್ನೊಂದೂವರೆ ದಿನ ಹಿಡಿಯುತ್ತದೆ. ಕೇಜ್‌ಗೆ ಬೇರೆ ಪರೀಕ್ಷೆ ಇದೆ: ಅದು ಮೂಳೆಯೊಳಗೆ ಎಷ್ಟು ಕುಸಿಯುತ್ತದೆ ಎಂದು ಅಳೆಯುತ್ತಾರೆ. ಇದು ಮುಖ್ಯ, ಏಕೆಂದರೆ ಟೈಟಾನಿಯಂ ಮೂಳೆಗಿಂತ ಹಲವು ಪಟ್ಟು ಬಿರುಸು, ಮೆತ್ತನೆ ಮೂಳೆಯನ್ನು ಅದು ಕೊರೆದುಕೊಂಡು ಹೋಗಬಲ್ಲದು. ಪೀಕ್ ಎಂಬ ಪ್ಲಾಸ್ಟಿಕ್ ಅಷ್ಟು ಬಿರುಸಲ್ಲ, ಆದರೆ ಅದರ ನುಣುಪು ಮೈಗೆ ಮೂಳೆ ಅಂಟುವುದು ಕಷ್ಟ. ತ್ರೀಡಿ ಪ್ರಿಂಟಿಂಗ್‌ನಲ್ಲಿ ಮಾಡಿದ ರಂಧ್ರ ರಂಧ್ರದ ಟೈಟಾನಿಯಂ ಕೇಜ್‌ಗಳು ಈ ಎರಡೂ ತೊಡಕಿಗೆ ಉತ್ತರವೆಂದು ಬಂದಿವೆ. ಯಂತ್ರದ ಪರೀಕ್ಷೆಯನ್ನು ನಾನು ಕಡೆಗಣಿಸುತ್ತಿಲ್ಲ. ಅದಿಲ್ಲದೆ ಯಾವ ಸಾಧನವೂ ಆಪರೇಷನ್ ಥಿಯೇಟರಿನ ಬಾಗಿಲು ದಾಟಬಾರದು. ಆದರೆ ಪ್ಲಾಸ್ಟಿಕ್ ದಿಮ್ಮಿಗೆ ನೋವಾಗುವುದಿಲ್ಲ.

ಎರಡನೆಯ ಪರೀಕ್ಷೆ ಮೂಳೆಯದು. ಮೊದಲು ಕುರಿಯಂಥ ಪ್ರಾಣಿಗಳಲ್ಲಿ, ಆಮೇಲೆ ಮನುಷ್ಯರಲ್ಲಿ. ಆಪರೇಷನ್ ಆಗಿ ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಸಿಟಿ ಸ್ಕ್ಯಾನ್ ಮಾಡಿ ಮಣಿಗಳ ನಡುವೆ ಮೂಳೆಯ ಸೇತುವೆ ಬೆಳೆದಿದೆಯೇ ಎಂದು ನೋಡುತ್ತಾರೆ. ಬೆಳೆದಿದ್ದರೆ ಸಾಧನ ಗೆದ್ದಿತು ಎಂದು ಜಾಹೀರಾತಿನಲ್ಲಿ ಬರುತ್ತದೆ. ಗೊಂದಲ ಶುರುವಾಗುವುದು ಇಲ್ಲಿಯೇ. ಇದನ್ನು ಬಿಡಿಸಿ ಹೇಳಲು ಸ್ವೀಡನ್ನಿನಲ್ಲಿ ನಡೆದ ಒಂದು ಪರೀಕ್ಷೆಗಿಂತ ಒಳ್ಳೆಯ ಸಾಕ್ಷ್ಯ ನನಗೆ ಕಾಣದು. ಅಲ್ಲಿನ ವೈದ್ಯ ಪೀಟರ್ ಫ್ರಿಟ್ಜೆಲ್ ಮತ್ತು ಸಂಗಡಿಗರು ದೀರ್ಘಕಾಲದ ಸೊಂಟನೋವಿನ 294 ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿದರು. 2001ರಲ್ಲಿ ಬಂದ ಮೊದಲ ಫಲಿತಾಂಶ ಆಪರೇಷನ್ ಪರವಾಗಿತ್ತು: ಆಪರೇಷನ್ ಆದವರಲ್ಲಿ ಶೇ 63ರಷ್ಟು ಜನ ತಮಗೆ ವಾಸಿ ಎಂದರು, ಆಗದವರಲ್ಲಿ ಹಾಗೆಂದವರು ಶೇ 29. ಮರುವರ್ಷ ಅವರು ಮೂರು ಬಗೆಯ ಆಪರೇಷನ್‌ಗಳನ್ನು ಹೋಲಿಸಿದರು. ಲೋಹವಿಲ್ಲದೆ ಬರೀ ಮೂಳೆಯ ಚೂರು ಇಟ್ಟದ್ದು ಒಂದು, ಸ್ಕ್ರೂ ಹಾಕಿದ್ದು ಇನ್ನೊಂದು, ಸ್ಕ್ರೂ ಜೊತೆಗೆ ಮಣಿಗಳ ನಡುವೆಯೂ ಮೂಳೆ ತುಂಬಿದ್ದು ಮತ್ತೊಂದು. ಮೂಳೆ ಕೂಡಿದ ಪ್ರಮಾಣ ಕ್ರಮವಾಗಿ ಶೇ 72, 87, 91. ಲೋಹ ಹೆಚ್ಚಿದಂತೆ ಬೆಸುಗೆ ಗಟ್ಟಿಯಾಯಿತು, ನಿಜ. ಆದರೆ ನೋವು ಇಳಿದದ್ದರಲ್ಲಿ, ಓಡಾಟ ಸುಧಾರಿಸಿದ್ದರಲ್ಲಿ ಮೂರು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತೊಡಕುಗಳು ಮಾತ್ರ ಎರಡು ವರ್ಷದಲ್ಲಿ ಶೇ 12, 22, 40 ಎಂದು ಏರುತ್ತಾ ಹೋದವು. ಸ್ಕ್ಯಾನ್ ನೋಡಿದ ವೈದ್ಯರು ಮೂರನೆಯದಕ್ಕೆ ಹೆಚ್ಚು ಅಂಕ ಕೊಟ್ಟರೆ ತಪ್ಪೇನಿಲ್ಲ, ಆದರೆ ರೋಗಿ ಆಸ್ಪತ್ರೆಗೆ ಬಂದದ್ದು ಸ್ಕ್ಯಾನ್ ಚೆನ್ನಾಗಿ ಕಾಣಲಿ ಎಂದಲ್ಲ.

ಇನ್ನೂ ಮುಂದೆ ಹೋದರೆ, ಹೊಸ ಸಾಧನವನ್ನು ಯಾವುದರ ಜೊತೆ ಹೋಲಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಕಂಪನಿಗಳು ಸಾಮಾನ್ಯವಾಗಿ ಹಳೆಯ ಸಾಧನದ ಜೊತೆ ಹೋಲಿಸುತ್ತವೆ. ಆದರೆ 2005ರಲ್ಲಿ ಬ್ರಿಟನ್ನಿನಲ್ಲಿ 349 ರೋಗಿಗಳ ಪರೀಕ್ಷೆಯೊಂದು ಮಣಿ ಕೂಡಿಸುವುದನ್ನು ತೀವ್ರ ವ್ಯಾಯಾಮ ಮತ್ತು ಮನೋಬಲದ ತರಬೇತಿಗೆ ಹೋಲಿಸಿತು. ಆಪರೇಷನ್ನೇ ಮೇಲು ಎಂಬುದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. 2021ರಲ್ಲಿ ನಾರ್ವೆಯ ವೈದ್ಯರು ಮಣಿ ಜಾರಿದ 267 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ನರದ ಒತ್ತಡ ಮಾತ್ರ ತೆಗೆದು, ಸ್ಕ್ರೂ ಹಾಕದೆ ಬಿಟ್ಟರು. ಎರಡು ವರ್ಷದ ನಂತರ ನೋಡಿದರೆ ಸ್ಕ್ರೂ ಹಾಕಿಸಿಕೊಂಡವರಿಗಿಂತ ಅವರ ಸ್ಥಿತಿ ಕೆಟ್ಟದಾಗಿರಲಿಲ್ಲ. ಅಂದರೆ ಹೊಸ ಸ್ಕ್ರೂ ಹಳೆಯ ಸ್ಕ್ರೂಗಿಂತ ಉತ್ತಮ ಎಂದು ಸಾಬೀತಾದರೂ, ಈ ರೋಗಿಗೆ ಸ್ಕ್ರೂ ಬೇಕಿತ್ತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೂಳೆ ಮುರಿದವರಿಗೆ, ಸೋಂಕಿನಿಂದ ಮಣಿ ಕುಸಿದವರಿಗೆ, ಬೆನ್ನು ನಿಲ್ಲಲಾರದಷ್ಟು ಸಡಿಲವಾದವರಿಗೆ ಈ ಆಪರೇಷನ್ ಜೀವನವನ್ನೇ ಮರಳಿ ಕೊಟ್ಟಿದೆ. ಅದನ್ನು ಅಲ್ಲಗಳೆಯುವವರ ಮಾತಿಗೆ ಕಿವಿಗೊಡಬೇಕಿಲ್ಲ. ನಾನು ಕೇಳುತ್ತಿರುವುದು ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತಿಳಿಸುವ ಪರೀಕ್ಷೆಯನ್ನು.

ಈ ಚಿಕಿತ್ಸೆ ಹುಟ್ಟಿದ ಬಗೆಯೇ ಒಂದು ಪಾಠ. 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಮೊದಲು ಮಣಿಗಳನ್ನು ಕೂಡಿಸಲು ಹೊರಟದ್ದು ಬೆನ್ನಿನ ಕ್ಷಯಕ್ಕೆ. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ, ಹಾಗಾಗಿ ಅದು ಸರಿಯಾದ ಹೆಜ್ಜೆಯೇ. ಔಷಧಿ ಬಂದ ಮೇಲೆಯೂ ಆಪರೇಷನ್ ಬೇಕೇ ಎಂಬುದನ್ನು ತೀರ್ಮಾನಿಸಿದವರಲ್ಲಿ ಮದ್ರಾಸಿನ ರೋಗಿಗಳೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಅಲ್ಲಿ ಒಂದು ಗುಂಪಿಗೆ ಆಪರೇಷನ್ ಜೊತೆ ಔಷಧಿ, ಉಳಿದವರಿಗೆ ಬರೀ ಮಾತ್ರೆ ಕೊಟ್ಟು ಓಡಾಡಿಕೊಂಡಿರಲು ಬಿಟ್ಟು, ಹತ್ತು ವರ್ಷ ಹಿಂಬಾಲಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದ ಸಾರ: ಕಾಲಿನ ಸ್ವಾಧೀನ ತಪ್ಪದ ಬಹುತೇಕ ರೋಗಿಗಳಿಗೆ ಮಾತ್ರೆಯೇ ಸಾಕು. ನಮ್ಮ ಜನರ ಮೇಲೆ, ನಮ್ಮಲ್ಲೇ, ತಾಳ್ಮೆಯಿಂದ ನಡೆದ ಪರೀಕ್ಷೆಯೊಂದು ಎಷ್ಟೋ ಬೆನ್ನುಗಳನ್ನು ಕತ್ತರಿಯಿಂದ ಉಳಿಸಿತು. ಪರೀಕ್ಷೆ ಎಂದೊಡನೆ ಹೌಹಾರುವವರು ಇದನ್ನು ನೆನಪಿಡಬೇಕು.

ಪರೀಕ್ಷೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೂ ಬೆನ್ನಿನ ಚಿಕಿತ್ಸೆಯಲ್ಲೇ ಕಥೆಯಿದೆ. ಮೂಳೆ ಬೇಗ ಬೆಳೆಯಲೆಂದು ಕೇಜ್‌ನೊಳಗೆ ಇಡುವ ಒಂದು ಪ್ರೋಟೀನಿಗೆ 2002ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮೆಡ್‌ಟ್ರಾನಿಕ್ ಕಂಪನಿಯ ಇನ್‌ಫ್ಯೂಸ್ ಎಂಬುದು ಅದರ ಹೆಸರು. ಕಂಪನಿಯ ನೆರವಿನ 13 ವರದಿಗಳಲ್ಲಿ ಈ ಪ್ರೋಟೀನು ಪಡೆದ 780 ರೋಗಿಗಳಿದ್ದರು. ಅದರಿಂದ ಆದ ಅಡ್ಡಪರಿಣಾಮ ಒಂದೂ ಇಲ್ಲ ಎಂದು ವರದಿಗಳು ಹೇಳಿದವು. 2011ರಲ್ಲಿ ಯೂಜಿನ್ ಕರಾಗೀ ಮತ್ತು ಸಂಗಡಿಗರು ಸರ್ಕಾರಕ್ಕೆ ಸಲ್ಲಿಸಿದ ದಾಖಲೆಗಳನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಅಪಾಯ ಮೊದಲು ಹೇಳಿದ್ದಕ್ಕಿಂತ 10ರಿಂದ 50 ಪಟ್ಟು ಹೆಚ್ಚಿತ್ತು: ಬೇಡದ ಕಡೆ ಮೂಳೆ ಬೆಳೆಯುವುದು, ಇದ್ದ ಮೂಳೆ ಕರಗುವುದು, ಗಂಡಸರಲ್ಲಿ ವೀರ್ಯಸ್ಖಲನದ ತೊಂದರೆ. ವರದಿ ಬರೆದ ವೈದ್ಯರಿಗೆ ಕಂಪನಿಯಿಂದ ವರ್ಷಗಳ ಕಾಲ ಕೋಟಿಗಟ್ಟಲೆ ಡಾಲರ್ ಸಂದಾಯವಾಗಿದ್ದನ್ನು 2012ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಬಯಲು ಮಾಡಿತು. ಕೊನೆಗೆ ಕಂಪನಿ ತನ್ನ ಮೂಲ ಮಾಹಿತಿಯನ್ನೆಲ್ಲ ಯೇಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು, ಎರಡು ಸ್ವತಂತ್ರ ತಂಡಗಳು 2013ರಲ್ಲಿ ಮರುಪರಿಶೀಲನೆ ಪ್ರಕಟಿಸಿದವು. ಪರೀಕ್ಷೆ ನಡೆಯಿತೇ ಎಂದು ಕೇಳುವುದರ ಜೊತೆಗೆ ಅಂಕ ಹಾಕಿದವರು ಯಾರು ಎಂದೂ ಕೇಳಬೇಕು ಎನ್ನುವುದು ಇದಕ್ಕಾಗಿಯೇ.

ಈಗ ನಮ್ಮ ಊರಿಗೆ ಬರೋಣ. ಸ್ವೀಡನ್ನಿನ, ಅಮೆರಿಕದ ಫಲಿತಾಂಶ ಕುಡತಿನಿಗೆ ಹಾಗೆಯೇ ಹೊಂದುತ್ತದೆಯೇ? ಸ್ವಲ್ಪ ಮಟ್ಟಿಗೆ ಹೊಂದುತ್ತದೆ. ಮಣಿಯೂ ನರವೂ ಎಲ್ಲರಿಗೂ ಒಂದೇ. ಆದರೆ ಬಳ್ಳಾರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಎಕ್ಸ್‌ರೇಯಲ್ಲಿ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ಆದರೂ ಅದು ಪೆಡಸು, ಬೇಗ ಸೀಳುತ್ತದೆ. ಬೆನ್ನಿನ ಕಟ್ಟುಗಳೂ ಸುಣ್ಣಗಟ್ಟಿ ಸೆಟೆದುಕೊಳ್ಳುತ್ತವೆ. ಅಂಥ ಮೂಳೆಯಲ್ಲಿ ಸ್ಕ್ರೂ ಹೇಗೆ ಕಚ್ಚಿಕೊಳ್ಳುತ್ತದೆ, ಕೇಜ್ ಸುತ್ತ ಹೊಸ ಮೂಳೆ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಶುದ್ಧ ನೀರು ಕುಡಿದವರ ಮೇಲಿನ ಪರೀಕ್ಷೆಯಲ್ಲಿ ಉತ್ತರ ಸಿಗದು. ಇನ್ನೊಂದು ವಿಷಯ ಪ್ರಶ್ನಾವಳಿಯದು. ರೋಗಿ ಎಷ್ಟು ಸುಧಾರಿಸಿದ ಎಂದು ಅಳೆಯಲು ಜಗತ್ತಿನಾದ್ಯಂತ ಬಳಸುವುದು ಆಸ್ವೆಸ್ಟ್ರಿ ಎಂಬ ಸೂಚಿಯನ್ನು. ಅದರಲ್ಲಿ ಹತ್ತು ಭಾಗಗಳಿವೆ: ನೋವು, ಸ್ನಾನ ಬಟ್ಟೆಯಂಥ ಸ್ವಂತ ಕೆಲಸ, ಭಾರ ಎತ್ತುವುದು, ನಡೆಯುವುದು, ಕೂರುವುದು ಹೀಗೆ. ಕೂರುವುದರ ಬಗ್ಗೆ ಅದು ಕೇಳುವುದು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲಿರಿ ಎಂದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬಲ್ಲೆಯಾ, ಬಯಲಿಗೋ ಪಾಯಖಾನೆಗೋ ಹೋದರೆ ಕುಕ್ಕರುಗಾಲಲ್ಲಿ ಕೂತು ಏಳಬಲ್ಲೆಯಾ, ತುಂಬಿದ ಕೊಡ ಎತ್ತಬಲ್ಲೆಯಾ, ಹೊಲದಲ್ಲಿ ಒಂದು ಸಾಲು ಮುಗಿಯುವ ತನಕ ಬಗ್ಗಿರಬಲ್ಲೆಯಾ ಎಂದು ಅದು ಕೇಳುವುದಿಲ್ಲ. ಎರಡು ಮಣಿ ಕೂಡಿಸಿದರೆ ಅಲ್ಲಿನ ಬಾಗುವಿಕೆ ನಿಲ್ಲುತ್ತದೆ, ಮೇಲಿನ ಮಣಿಗಳ ಮೇಲೆ ಆ ಹೊರೆ ಬೀಳುತ್ತದೆ. ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಇದು ಸಣ್ಣ ನಷ್ಟ, ಬಗ್ಗಿ ದುಡಿಯುವವರಿಗೆ ದೊಡ್ಡ ನಷ್ಟ. ಈ ವ್ಯತ್ಯಾಸವನ್ನು ಅಳೆಯದ ಪರೀಕ್ಷೆ ಈ ಸೀಮೆಯ ಮಟ್ಟಿಗೆ ಅರ್ಧ ಪರೀಕ್ಷೆ.

ವಿದೇಶದಲ್ಲಿ ಒಪ್ಪಿಗೆ ಸಿಕ್ಕಿದೆಯಲ್ಲ, ಇಲ್ಲಿ ಮತ್ತೆ ಪರೀಕ್ಷಿಸಿ ಕಾಲ ಕಳೆಯುವುದೇಕೆ ಎಂದು ಕೇಳುವವರಿದ್ದಾರೆ. ನಮ್ಮ ಕಾಯ್ದೆಯೂ ಬಹಳಷ್ಟು ಮಟ್ಟಿಗೆ ಹಾಗೆಯೇ ಯೋಚಿಸುತ್ತದೆ. 2018ರ ಜನವರಿ 1ರಿಂದ ಜಾರಿಯಲ್ಲಿರುವ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ನಾಲ್ಕು ವರ್ಗ ಮಾಡುತ್ತವೆ. ಪೂರ್ತಿ ಹೊಸ ಬಗೆಯ ಸಾಧನವಾದರೆ ಮನುಷ್ಯರ ಮೇಲೆ ಚಿಕ್ಕ ಪರೀಕ್ಷೆ, ಆಮೇಲೆ ದೊಡ್ಡ ಪರೀಕ್ಷೆ ನಡೆಸಬೇಕು. ಆದರೆ ಅಂಥದ್ದೇ ಸಾಧನ ಮೊದಲೇ ಮಾರುಕಟ್ಟೆಯಲ್ಲಿದ್ದರೆ, ಅಥವಾ ಅಮೆರಿಕ, ಜಪಾನಿನಂಥ ದೇಶಗಳ ಒಪ್ಪಿಗೆ ಇದ್ದರೆ ಬಹುತೇಕ ವಿನಾಯಿತಿ ಸಿಗುತ್ತದೆ. ಪ್ರತಿಯೊಂದು ಸ್ಕ್ರೂಗೂ ಹೊಸದಾಗಿ ಪರೀಕ್ಷೆ ಬೇಕೆಂದರೆ ಸಣ್ಣ ಸುಧಾರಣೆಗಳೂ ರೋಗಿಗೆ ತಲುಪುವುದು ತಡವಾಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ವಿದೇಶದ ಮೊಹರು ನಂಬಿ ತಂದ ಎಎಸ್‌ಆರ್ ಎಂಬ ಕೃತಕ ಚಪ್ಪೆಕೀಲಿನ ಗತಿ ಏನಾಯಿತು? ಲೋಹಕ್ಕೆ ಲೋಹ ಉಜ್ಜಿ ರಕ್ತದಲ್ಲಿ ಲೋಹದ ಅಂಶ ಸೇರುತ್ತಿತ್ತು; ಕೀಲು ಬೇಗ ಕೆಟ್ಟು ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾದವರು ಹೆಚ್ಚಿದ್ದರಿಂದ 2010ರಲ್ಲಿ ಜಗತ್ತಿನಾದ್ಯಂತ ಅದನ್ನು ವಾಪಸು ಕರೆದರು. ಆಸ್ಟ್ರೇಲಿಯಾದಲ್ಲಿ ಕೀಲು ಹಾಕಿಸಿಕೊಂಡ ಎಲ್ಲರ ದಾಖಲೆ ಇಡುವ ಪದ್ಧತಿ ಇದ್ದದ್ದರಿಂದ ತೊಂದರೆ ಬೇಗ ಬೆಳಕಿಗೆ ಬಂತು. ಭಾರತದಲ್ಲಿ ಸುಮಾರು 4,700 ಮಂದಿಗೆ ಅದನ್ನು ಹಾಕಲಾಗಿತ್ತು. ಅವರಲ್ಲಿ ದೊಡ್ಡ ಪಾಲು ಜನರನ್ನು ಹುಡುಕುವುದೇ ಸಾಧ್ಯವಾಗಲಿಲ್ಲ. ಪೂರ್ತಿ ಪರೀಕ್ಷೆಗೆ ವಿನಾಯಿತಿ ಕೊಡುವುದಾದರೆ ಕೊಡಲಿ; ಅದಕ್ಕೆ ಬದಲಾಗಿ ಹಾಕಿದ ಪ್ರತಿ ಸಾಧನದ, ಪ್ರತಿ ರೋಗಿಯ ಲೆಕ್ಕ ಐದು ಹತ್ತು ವರ್ಷ ಇಡಬೇಕೆಂಬ ಕಟ್ಟಳೆ ಬರಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಪರೀಕ್ಷೆ ಎಂಬುದು ಕೊನೆಗೆ ಬಡವರ ಮೈಮೇಲೆಯೇ ನಡೆಯುತ್ತದೆ, ಅವರನ್ನು ಪ್ರಯೋಗದ ಇಲಿ ಮಾಡುತ್ತೀರಿ ಎನ್ನುವುದು. ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2009ರಲ್ಲಿ, ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ ಎಷ್ಟೋ ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಖಂಡಿಸಿತು. ಕಾರ್ಖಾನೆಗಳಿಗೆಂದು ಭೂಮಿ ಬಿಟ್ಟುಕೊಟ್ಟು, ಆಮೇಲೆ ಧರಣಿ ಕೂರಬೇಕಾಗಿ ಬಂದ ಕುಡತಿನಿ ಸುತ್ತಲಿನ ರೈತರಿಗೆ ಸಹಿ ಹಾಕಿದ ಕಾಗದದ ಭಾರ ಎಷ್ಟೆಂದು ಯಾರೂ ಕಲಿಸಬೇಕಿಲ್ಲ. ಆದರೆ ಪರೀಕ್ಷೆಯೇ ಬೇಡವೆಂದರೆ ಬಡವ ಪಾರಾಗುತ್ತಾನೆಯೇ? ಪರೀಕ್ಷೆಯಾಗದ ಸಾಧನವನ್ನು ದಾಖಲೆಯಿಲ್ಲದೆ, ಒಪ್ಪಿಗೆ ಪತ್ರವಿಲ್ಲದೆ, ಪರಿಹಾರದ ಹಕ್ಕಿಲ್ಲದೆ ಅವನ ಬೆನ್ನಿಗೇ ಹಾಕುತ್ತಾರೆ. ಅದಕ್ಕಿಂತ ದೊಡ್ಡ ಪ್ರಯೋಗ ಯಾವುದಿದೆ? 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ನಿತ್ಯ ಬಳಸುವ ಗ್ಲೂಕೋಸ್ ಬಾಟಲಿಯಂಥದೇ ಒಂದು ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ತಾಯಂದಿರು ಯಾವ ಪ್ರಯೋಗಕ್ಕೂ ಸೇರಿದವರಲ್ಲ. ನಿಯಮಬದ್ಧ ಪರೀಕ್ಷೆಯಲ್ಲಿ ರೋಗಿಗೆ ಹೆಚ್ಚು ರಕ್ಷಣೆ ಇದೆ: ನೈತಿಕ ಸಮಿತಿಯ ಕಣ್ಣು, ಯಾವಾಗ ಬೇಕಾದರೂ ಹೊರಬರುವ ಹಕ್ಕು, ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ. ಈ ರಕ್ಷಣೆ ಕಾಗದದಲ್ಲೇ ಉಳಿಯದಂತೆ ನೋಡಿಕೊಳ್ಳುವುದು ಬೇರೆ ಹೋರಾಟ, ಅದನ್ನು ಮಾಡಲೇಬೇಕು. ಒಪ್ಪಿಗೆ ಪತ್ರ ರೋಗಿಯ ಮನೆಮಾತಿನಲ್ಲಿರಲಿ, ಓದಲು ಬಾರದವರಿಗೆ ಆಸ್ಪತ್ರೆಗೆ ಸಂಬಂಧವಿಲ್ಲದ ಒಬ್ಬರು ಓದಿ ಹೇಳಲಿ, ಮನೆಗೆ ಹೋಗಿ ನಾಲ್ಕು ಮಂದಿಯನ್ನು ಕೇಳಿ ಬರಲು ಪುರುಸೊತ್ತು ಕೊಡಲಿ.

ಅನುಭವಿ ಸರ್ಜನ್‌ಗೆ ಯಾವುದು ಒಳ್ಳೆಯದೆಂದು ಗೊತ್ತಿರುವುದಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಕುಸಿದ ಮಣಿಯೊಳಗೆ ಸಿಮೆಂಟ್ ತುಂಬುವ ಚಿಕಿತ್ಸೆ ಅದ್ಭುತವೆಂದು ಪ್ರಾಮಾಣಿಕ ವೈದ್ಯರೇ ವರ್ಷಗಟ್ಟಲೆ ನಂಬಿದ್ದರು. 2009ರಲ್ಲಿ ಎರಡು ಪರೀಕ್ಷೆಗಳಲ್ಲಿ ಅರ್ಧ ಜನಕ್ಕೆ ಸೂಜಿ ತಾಗಿಸಿದಂತೆ ಮಾಡಿ ಸಿಮೆಂಟ್ ತುಂಬದೆ ಬಿಟ್ಟರು. ನೋವು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಸೊಂಟನೋವು ಏರುವುದು ಇಳಿಯುವುದು ಅದರ ಸ್ವಭಾವ, ಆಪರೇಷನ್ ಆಗುವುದು ನೋವು ಅತಿಯಾದಾಗ. ಆಮೇಲೆ ತಾನಾಗಿ ಇಳಿದದ್ದನ್ನೂ ಸ್ಕ್ರೂ ಖಾತೆಗೆ ಬರೆಯುವುದು ಯಾರಿಗಾದರೂ ಸಹಜ.

ಹೊಸ ಸಾಧನ ಹಾಕುತ್ತೇವೆ ಎಂದು ನಿಮಗೋ ನಿಮ್ಮವರಿಗೋ ಹೇಳಿದರೆ, ಸಂಕೋಚ ಬಿಟ್ಟು ಕೇಳಿ: ಇದು ಚಿಕಿತ್ಸೆಯೋ ಟ್ರಯಲ್ಲೋ? ಟ್ರಯಲ್ ಆದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಯಾವುದು? 2009ರ ಜೂನ್ 15ರಿಂದ ಆ ನೋಂದಣಿ ಕಡ್ಡಾಯ, ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಸ್ಕ್ರೂ ಹಾಕದೆ ನರದ ಒತ್ತಡ ಮಾತ್ರ ತೆಗೆದರೆ ಆಗದೇ ಎಂದೂ ಕೇಳಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಮಾಡೆಲ್, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಬರುತ್ತದೆ. ಅದನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡಲು ಹೇಳಿ, ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಸ್ಕ್ರೂ ಸಡಿಲವಾದರೆ, ಮುರಿದರೆ, ನೋವು ಹೊಸದಾಗಿ ಶುರುವಾದರೆ ವೈದ್ಯರಿಗೆ ತೋರಿಸುವುದರ ಜೊತೆಗೆ, ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸಲು 2015ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೂ ತಿಳಿಸಿ. ಭಾರತೀಯ ಫಾರ್ಮಕೋಪಿಯಾ ಆಯೋಗದ ಉಚಿತ ಸಹಾಯವಾಣಿ 1800-180-3024. ವೈದ್ಯರಷ್ಟೇ ಅಲ್ಲ, ರೋಗಿಯೇ ಕರೆ ಮಾಡಿ ಹೇಳಬಹುದು.